ಹಿಂಬಡದಾಗಿನ ಮುಳ್ಳು

ನಸುಕಿನಲ್ಲಿ ಎದ್ದು ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ "ಯಪ್ಪಾ" ಅಂತ ಮತ್ತೆ ಕೂತುಬಿಟ್ಟವರಿಗೆ ನಾನು ಯಾವ ನೋವಿನ ಬಗ್ಗೆ ಬರೀತಿದ್ದೇನೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳ್ತೇನೆ. ನನಗಾಗ ನಲವತ್ತಾರು. ರಾಯಚೂರಿನಲ್ಲಿ ಪಿಯು ಹುಡುಗರಿಗೆ ಇತಿಹಾಸ ಪಾಠ ಮಾಡೋದು ನನ್ನ ಕೆಲಸ. ದಿನಕ್ಕೆ ನಾಲ್ಕು ಪಿರಿಯಡ್, ನಾಲ್ಕೂ ನಿಂತೇ. ಒಂದು ದಿನ ಮುಂಜಾನೆ ಎಡಗಾಲಿನ ಹಿಂಬಡದಲ್ಲಿ ಚುಳ್ ಅಂತು. ಬಚ್ಚಲಿಗೆ ಹೋಗಿ ಬಂದು ಚಹಾ ಕುಡಿಯೋ ಹೊತ್ತಿಗೆ ಮಾಯ. ಸ್ಟಾಫ್ ರೂಮಿನಲ್ಲಿ ಅರ್ಧ ತಾಸು ಕೂತು ಎದ್ದರೆ ಮತ್ತೆ ಅದೇ ಚುಳುಕು. ಮುಳ್ಳು ಹೊಕ್ಕಿರಬೇಕು ಅಂದುಕೊಂಡೆ. ಹೆಂಡತಿ ಬ್ಯಾಟರಿ ಹಿಡಿದು, ಪಿನ್ನು ಹಿಡಿದು ಅಂಗಾಲೆಲ್ಲ ಹುಡುಕಿದಳು. ಮುಳ್ಳು ಇರಲಿಲ್ಲ.

ಎರಡು ತಿಂಗಳು ಹಾಗೇ ಕುಂಟಿದ ಮೇಲೆ ದವಾಖಾನೆಗೆ ಹೋದೆ. ಎಕ್ಸರೇ ತೆಗೆಸಿದರು. ಡಾಕ್ಟರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ತೋರಿಸಿದರು: "ನೋಡ್ರಿ ಸರ್, ಇಲ್ಲಿ ಎಲುಬು ಮುಳ್ಳಿನಂಗ ಬೆಳದದ. ಗುಳಿಗಿ ಬರದು ಕೊಡ್ತೀನಿ. ಕಡಿಮಿ ಆಗಲಿಲ್ಲ ಅಂದ್ರ ತೆಗಿಸಿಬಿಡೋಣ."

ಆ ಗುಳಿಗೆಯ ಹೆಸರು ಇವತ್ತು ನೆನಪಿಲ್ಲ. "ತೆಗಿಸಿಬಿಡೋಣ" ಅನ್ನೋ ಮಾತು ಮಾತ್ರ ಮರೆತಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ನನಗೇ ಅನ್ನಿಸಿತು, ಹೌದಲ್ಲ, ಮುಳ್ಳು ಇದ್ದರೆ ತೆಗೀಲೇಬೇಕಲ್ಲ. ಇದರಲ್ಲಿ ವಿಚಾರ ಮಾಡೋದೇನದ?

ಹಾಗೆ ಅನ್ನಿಸಿದ್ದಕ್ಕೆ ಕಾರಣ ನಾನು ಹುಟ್ಟಿದ ನೆಲ. ನಮ್ಮೂರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ಎರೆಹೊಲ, ಜಾಲಿ, ಬಳ್ಳಾರಿ ಜಾಲಿ. ಶಾಲೆಗೆ ಬರಿಗಾಲಲ್ಲಿ ಹೋಗುತ್ತಿದ್ದ ನಮಗೆ ಮುಳ್ಳು ನೆಡೋದು ದಿನದ ಮಾತು. ಸಂಜೆ ಅವ್ವ ಕಟ್ಟೆಯ ಮೇಲೆ ಕೂತು ನನ್ನ ಕಾಲನ್ನು ತನ್ನ ತೊಡೆ ಮೇಲೆ ಇಟ್ಟುಕೊಂಡು ಪಿನ್ನಿನಿಂದ ಕೆದಕಿ ತೆಗೀತಿದ್ದಳು. ಆಳಕ್ಕೆ ಹೋಗಿ ಮುರಿದಿದ್ದರೆ ಎಕ್ಕಿ ಹಾಲು ಹಚ್ಚಿ ಬಿಡೋದು. ಎರಡು ದಿನಕ್ಕೆ ಮುಳ್ಳು ತಾನೇ ಮೇಲೆ ಬರ್ತದೆ ಅನ್ನೋ ನಂಬಿಕೆ. ಮುಳ್ಳು ಹೊರಗೆ ಬಂತು ಅಂದರೆ ನೋವೂ ಹೋಯ್ತು. ಇಂಥ ನಾಡಿನವನಿಗೆ "ನಿನ್ನ ಹಿಂಬಡದಾಗ ಮುಳ್ಳದ" ಅಂದರೆ ಅವನು ಕೇಳೋದು ಒಂದೇ ಪ್ರಶ್ನೆ: ಯಾವಾಗ ತೆಗೀತೀರಿ?

ಆದರೆ ನಾನು ಇತಿಹಾಸದ ಮಾಸ್ತರ. ಯಾರಾದರೂ ಒಂದು ಮಾತು ಹೇಳಿದರೆ, ಇದನ್ನು ಮೊದಲು ಯಾರು ಹೇಳಿದರು, ಯಾವಾಗ ಹೇಳಿದರು, ಯಾಕೆ ಹೇಳಿದರು ಅಂತ ಕೇಳೋ ಚಾಳಿ. ಆಪರೇಷನ್ ಮಾಡಿಸಿಕೊಳ್ಳೋ ಮೊದಲು ಈ ಮುಳ್ಳಿನ ಚರಿತ್ರೆ ಓದೋಣ ಅಂತ ಕೂತೆ. ಓದಿ ಮುಗಿಸೋ ಹೊತ್ತಿಗೆ ಆಪರೇಷನ್ ವಿಚಾರ ಬಿಟ್ಟಿದ್ದೆ.

ಹಳೇ ಪುಸ್ತಕಗಳಿಂದ ಶುರು ಮಾಡ್ತೇನೆ. ಸುಶ್ರುತ ಸಂಹಿತೆಯ ವಾತರೋಗಗಳ ಭಾಗದಲ್ಲಿ "ವಾತಕಂಟಕ" ಅಂತ ಒಂದು ಹೆಸರು ಬರ್ತದೆ. ಕಾಲನ್ನು ಏರುಪೇರಾಗಿ ಊರಿದಾಗ ವಾತ ಕೆರಳಿ ಅಲ್ಲಿ ನೋವು ಹುಟ್ಟಿಸ್ತದೆ ಅನ್ನೋದು ಅದರ ತಾತ್ಪರ್ಯ. ಆಮೇಲೆ ಬಂದ ವಾಗ್ಭಟನ ಅಷ್ಟಾಂಗ ಹೃದಯ ಇನ್ನೊಂದು ಕಾರಣ ಸೇರಿಸ್ತದೆ: ಶ್ರಮ. ನೋವಿನ ಜಾಗ ಗಿಣ್ಣೋ ಹಿಂಬಡವೋ ಅನ್ನೋದರಲ್ಲಿ ಪಾಠಗಳಲ್ಲಿ ವ್ಯತ್ಯಾಸ ಇದೆ. ಹಾಗಾಗಿ ಇವತ್ತಿನ ಕಾಯಿಲೆಯೇ ಅದು ಅಂತ ಕಡ್ಡಿ ಮುರಿದ ಹಾಗೆ ಹೇಳೋದು ತಪ್ಪಾಗ್ತದೆ. ಆದರೂ ಇಂದಿನ ಆಯುರ್ವೇದ ವೈದ್ಯರು ಹಿಂಬಡದ ನೋವನ್ನು ಇದೇ ಹೆಸರಿನಿಂದ ಕರೀತಾರೆ. ಕಂಟಕ ಅಂದರೆ ಮುಳ್ಳು. ಮುಳ್ಳು ಚುಚ್ಚಿದ ಹಾಗೆ ನೋಯ್ತದೆ, ಅದಕ್ಕೆ ಆ ಹೆಸರು. ಒಳಗೆ ನಿಜವಾದ ಮುಳ್ಳಿದೆ ಅಂತ ಆ ವೈದ್ಯರು ಯಾರೂ ಹೇಳಲಿಲ್ಲ. ಕಾಲು ಊರೋ ರೀತಿ ಮತ್ತು ದಣಿವು, ಈ ಎರಡನ್ನೇ ಕಾರಣ ಮಾಡಿದರು. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತವೆ.

ಚಿಕಿತ್ಸೆಗೆ ಬಂದರೆ, ನಂತರದ ಗ್ರಂಥಗಳು ರಕ್ತ ಹೊರಹಾಕೋದು, ಔಡಲೆಣ್ಣೆ ಕುಡಿಯೋದು, ಕಾಯಿಸಿದ ಸೂಜಿಯಿಂದ ಸುಡೋದು ಅಂತ ಹೇಳ್ತವೆ. ಔಡಲ ನಮ್ಮ ಹೊಲದ ಬದುವಿನ ಬೆಳೆ, ಬೆಂಕಿ ಎಲ್ಲರ ಮನೆಯ ಒಲೆಯಲ್ಲಿ ಇತ್ತು. ನನ್ನ ನೋವಿನ ಸುದ್ದಿ ಕೇಳಿ ಅವ್ವ ಹೇಳಿದ ಔಷಧಿಯೂ ಬೆಂಕಿಯದೇ: "ಇಟ್ಟಂಗಿ ಕಾಸು, ಮ್ಯಾಲ ಎಕ್ಕಿ ಎಲಿ ಹಾಕು, ಅದರ ಮ್ಯಾಲ ಹಿಂಬಡ ಊರು. ಎಂಟು ದಿನ ಮಾಡು ತಮ್ಮಾ, ನೋವು ಇಟ್ಟಂಗ್ಯಾಗ ಇಳೀತದ." ಮಾಡಿದೆ. ಆ ಹೊತ್ತಿಗೆ ಹಿತ ಅನ್ನಿಸಿದ್ದು ಸುಳ್ಳಲ್ಲ. ಮರುದಿನ ನಸುಕಿನಲ್ಲಿ ಚುಳುಕು ಮತ್ತೆ ಅಲ್ಲೇ ಇತ್ತು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸಕ್ಕರೆ ಕಾಯಿಲೆ ಇದ್ದು ಅಂಗಾಲಿನ ಸ್ಪರ್ಶ ಮಂಕಾದವರು ಈ ಇಟ್ಟಂಗಿ ಸಹವಾಸಕ್ಕೆ ಹೋಗಬಾರದು. ಸುಟ್ಟಿದ್ದು ಗೊತ್ತಾಗೋದಿಲ್ಲ, ಗಾಯ ಮಾಯೋದೂ ಇಲ್ಲ.

ಹಾಗಾದರೆ ಹೆಸರಿನಲ್ಲಿ ಮಾತ್ರ ಇದ್ದ ಮುಳ್ಳು ಎಲುಬಿನೊಳಗೆ ಬಂದದ್ದು ಯಾವಾಗ?

1895ರ ನವೆಂಬರ್‌ನಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್-ಕಿರಣ ಕಂಡುಹಿಡಿದ. ಚರ್ಮ ಕೊಯ್ಯದೆ ಬದುಕಿರುವ ಮನುಷ್ಯನ ಎಲುಬು ನೋಡೋದು ಸಾಧ್ಯವಾಯ್ತು. ಐದು ವರ್ಷ ತುಂಬೋದರೊಳಗೆ, 1900ರಲ್ಲಿ, ಪ್ಲೆಟ್ನರ್ ಎಂಬ ಜರ್ಮನ್ ವೈದ್ಯ ಹಿಂಬಡದ ಎಲುಬಿನ ಅಡಿಯಲ್ಲಿ ಕೊಕ್ಕಿನಂತೆ ಚಾಚಿದ ಒಂದು ಬೆಳವಣಿಗೆಯ ಬಗ್ಗೆ ಬರೆದ. ನೋವಿದ್ದ ಜಾಗದಲ್ಲೇ ಚೂಪಾದ ಎಲುಬು! ಕಳ್ಳ ಸಿಕ್ಕಿಬಿದ್ದ ಅಂತ ಎಲ್ಲರಿಗೂ ಖಾತ್ರಿಯಾಯ್ತು. ಆ ಕಾಲದಲ್ಲಿ ಕೆಲವು ವೈದ್ಯರು ಈ ಮುಳ್ಳು ಬೆಳೆಯೋದಕ್ಕೆ ಗೊನೊರಿಯಾ ಕಾರಣ ಅಂತಲೂ ನಂಬಿದ್ದರು. ಹಿಂಬಡ ನೋವು ಅಂತ ಹೋದ ಬಡಪಾಯಿಗೆ ನಡತೆಯ ಸರ್ಟಿಫಿಕೇಟೂ ಕೆಡುತ್ತಿತ್ತು. ಇಂಗ್ಲಿಷರು ಇದನ್ನು "ಪೊಲೀಸನ ಹಿಂಬಡ" ಅಂತಲೂ ಕರೆದರು. ದಿನವಿಡೀ ಗಸ್ತು ತಿರುಗುವವರಿಗೆ ಬರ್ತಿತ್ತು ಅಂತ. ಆ ಅಡ್ಡಹೆಸರು ಕಾಯಿಲೆಯ ನಿಜವಾದ ಕಾರಣದ ಹತ್ತಿರಕ್ಕೆ ಹೋಗಿತ್ತು. ಆದರೆ ಕಣ್ಣಿಗೆ ಕಾಣುವ ಮುಳ್ಳಿನ ಮುಂದೆ ಕಾಣದ ದಣಿವಿನ ಮಾತು ಯಾರು ಕೇಳ್ತಾರೆ? ಮುಳ್ಳು ಕೊಯ್ಯುವ ಶಸ್ತ್ರಚಿಕಿತ್ಸೆಗಳು ದಶಕಗಟ್ಟಲೆ ನಡೆದವು.

ಈ ವಾದ ಸಡಿಲಾಗಿದ್ದು ಒಂದು ಸಾದಾ ಪ್ರಶ್ನೆಯಿಂದ. ನೋವೇ ಇಲ್ಲದವರ ಹಿಂಬಡದ ಎಕ್ಸರೇ ತೆಗೆದರೆ ಏನು ಕಾಣ್ತದೆ? 1963ರಲ್ಲಿ ಟ್ಯಾಂಜ್ ಎಂಬ ಅಮೆರಿಕದ ವೈದ್ಯ ಲೆಕ್ಕ ಕೊಟ್ಟರು. ನೋವು ಇಲ್ಲದವರಲ್ಲೂ ನೂರಕ್ಕೆ ಸುಮಾರು 15 ಜನರಲ್ಲಿ ಮುಳ್ಳು ಇತ್ತು. ನೋವು ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಇತ್ತು. ಮುಳ್ಳಿದ್ದೂ ನೋವಿಲ್ಲದವರು, ನೋವಿದ್ದೂ ಮುಳ್ಳಿಲ್ಲದವರು, ಇಷ್ಟು ಮಂದಿ ಇದ್ದ ಮೇಲೆ ಮುಳ್ಳೇ ಅಪರಾಧಿ ಅನ್ನೋದು ಹೇಗೆ? ಇನ್ನೊಂದು ಮಾತು. ಈ ಮುಳ್ಳು ನೆಲದ ಕಡೆಗೆ ಚುಚ್ಚಿಕೊಂಡು ಬೆಳೆಯೋದಿಲ್ಲ, ಬೆರಳುಗಳ ಕಡೆಗೆ ಮುಂದಕ್ಕೆ ಚಾಚ್ತದೆ. ನನ್ನ ಫಿಲ್ಮನ್ನು ಮತ್ತೆ ತೆಗೆದು ನೋಡಿದೆ. ಹೌದು, ಮುಂದಕ್ಕೇ ಚಾಚಿತ್ತು. ನಾನು ಅದನ್ನು ತುಳೀತಾ ಇರಲೇ ಇಲ್ಲ.

ಹಾಗಾದರೆ ನೋಯೋದು ಏನು? ಹಿಂಬಡದ ಎಲುಬಿನಿಂದ ಹೊರಟು ಅಂಗಾಲಿನ ಉದ್ದಕ್ಕೂ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಹಾಯ್ದು ಹೋಗ್ತದೆ. ಪ್ಲಾಂಟರ್ ಫ್ಯಾಸಿಯಾ ಅಂತ ಅದರ ಹೆಸರು. ಅಂಗಾಲಿನ ಕಮಾನು ಕುಸಿಯದಂತೆ ಬಿಗಿ ಹಿಡಿಯೋದು ಅದೇ. 1954ರಲ್ಲಿ ಇಂಗ್ಲೆಂಡಿನ ಜೆ. ಎಚ್. ಹಿಕ್ಸ್ ಇದರ ಕೆಲಸವನ್ನು ಬಾವಿಯ ರಾಟೆಗೆ ಹೋಲುವ ಯಂತ್ರದ ಹೆಸರಿನಿಂದ ವಿವರಿಸಿದರು. ಹೆಜ್ಜೆ ಎತ್ತುವಾಗ ಬೆರಳು ಮೇಲಕ್ಕೆ ಮಡಿಚ್ತವೆ, ಹಗ್ಗ ಸುತ್ತಿದ ಹಾಗೆ ಪಟ್ಟಿ ಬಿಗಿಯಾಗ್ತದೆ, ಕಮಾನು ಮೇಲೇಳ್ತದೆ. ಪ್ರತಿ ಹೆಜ್ಜೆಗೂ ಒಂದು ಸಲ ಜಗ್ಗು, ಒಂದು ಸಲ ಸಡಿಲು. ಆ ಹಗ್ಗ ಎಲುಬಿಗೆ ಕಟ್ಟಿಕೊಂಡಿರುವ ಜಾಗದಲ್ಲಿ ಹೊರೆ ಹೆಚ್ಚಾಗಿ, ಸುಧಾರಿಸಿಕೊಳ್ಳೋಕೆ ಬಿಡುವು ಸಿಗದಿದ್ದರೆ, ಎಳೆಗಳು ಜೀರ್ಣವಾಗ್ತಾ ಬರ್ತವೆ. ರಾತ್ರಿ ಮಲಗಿದಾಗ ಪಾದ ಇಳಿಬಿದ್ದು ಪಟ್ಟಿ ಮೊಟಕಾಗಿ ಬಿರುಸಾಗಿರ್ತದೆ. ನಸುಕಿನಲ್ಲಿ ಮೊದಲ ಹೆಜ್ಜೆ ಇಟ್ಟಾಗ ಮೈಭಾರವೆಲ್ಲ ಒಮ್ಮೆಗೇ ಅದನ್ನು ಜಗ್ಗ್ತದೆ. "ಯಪ್ಪಾ" ಅನ್ನೋದು ಆಗ.

ಇದನ್ನು ಬಹಳ ಕಾಲ "ಫ್ಯಾಸಿಯೈಟಿಸ್", ಅಂದರೆ ಉರಿಯೂತ ಅಂತ ಕರೆದರು. 2003ರಲ್ಲಿ ಹಾರ್ವಿ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಪ್ರಕರಣಗಳ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಉರಿಯೂತದ ಗುರುತು ಕಾಣಲಿಲ್ಲ. ಕಂಡಿದ್ದು ಸವೆತ, ಎಳೆಗಳ ಜೀರ್ಣತೆ. ಉರಿ ಆರಿಸೋ ಗುಳಿಗೆ ನನಗೆ ನಾಲ್ಕು ದಿನ ಹಿತ ಕೊಟ್ಟು ಸುಮ್ಮನಾದದ್ದು ಯಾಕೆ ಅಂತ ಆಗ ಹೊಳೀತು. ಎರಡು ಸಾವಿರ ವರ್ಷದ ಸುತ್ತು ಹೊಡೆದು ಮಾತು ಮತ್ತೆ ಅಲ್ಲಿಗೇ ಬಂತು: ಕಾಲು ಊರೋ ರೀತಿ, ಮತ್ತು ದಣಿವು.

ಈ ದಣಿವಿನ ಚರಿತ್ರೆ ನಮ್ಮ ಜಿಲ್ಲೆಯಲ್ಲಿ ಹುಡುಕಿದರೆ ಎಲ್ಲ ಕಡೆ ಇದೆ, ಬರೆದಿಟ್ಟವರು ಮಾತ್ರ ಇಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಕಟ್ಟಿ ಎಳೆಸೋ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಚಕ್ರಕ್ಕೆ ಸನಿಕೆ ಕೊಟ್ಟು ನೂಕುವ ಆಳುಗಳೂ ಇದ್ದಾರೆ. ಹುಡುಗರನ್ನು ಕರೆದುಕೊಂಡು ಹೋದಾಗ ನಾನು ರಾಜನ ಹೆಸರು, ಇಸವಿ ಹೇಳ್ತಿದ್ದೆ. ಈಗ ಆ ಆಳುಗಳ ಕಾಲು ನೋಡ್ತೇನೆ. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗೆ ದಂಡು ತಂದ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಕಾಲಾಳು, ಕುದುರೆ, ಆನೆಗಳ ಲೆಕ್ಕವನ್ನು ದಳವಾರು ಬರೆದ. ಅಷ್ಟು ಕಾಲಾಳುಗಳು ವಿಜಯನಗರದಿಂದ ಇಲ್ಲಿಯವರೆಗೆ ಹೇಗೆ ನಡೆದು ಬಂದರು ಅನ್ನೋದನ್ನು ಯಾರೂ ವಿಚಾರಿಸೋದಿಲ್ಲ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಇಂಥ ಹರಿದಾಸರ ಸಂಚಾರವೆಲ್ಲ ಈ ಕಲ್ಲುಮುಳ್ಳಿನ ದಾರಿಗಳಲ್ಲೇ. ಅವರಿದ್ದದ್ದು ರೈಲಿಲ್ಲದ ಕಾಲ. ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಬಂದು ಕೂಡಿದ್ದು 1871ರಲ್ಲಿ. ಆಮೇಲೂ ಸ್ಟೇಷನ್ನಿನಿಂದ ಹಳ್ಳಿಗೆ ನಡಿಗೆಯೇ.

ಕಾಲಿನ ಮಾತು ಬಂದರೆ ಕಾಲಿಗೆ ಹಾಕುವುದರ ಮಾತೂ ಬರ್ತದೆ. ಅದು ನಮ್ಮಲ್ಲಿ ಬರೀ ಚರ್ಮದ ವಿಷಯ ಅಲ್ಲ. ನಮ್ಮ ಪಕ್ಕದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಚಪ್ಪಲಿ ಹೊಲಿದವರ ಮೊಮ್ಮಕ್ಕಳು ತಮ್ಮದೇ ಊರಿನ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲವೂ ದೂರದ್ದಲ್ಲ. ಇನ್ನು ಮನೆ ಒಳಗಂತೂ ಯಾರಿಗೂ ಚಪ್ಪಲಿ ಇಲ್ಲ. ಅಡುಗೆಮನೆ, ದೇವರ ಜಗಲಿ ಇರುವಲ್ಲಿ ಚಪ್ಪಲಿಯ ಮಾತೇ ಎತ್ತಬಾರದು. ಅವ್ವನ ಕಾಲದಲ್ಲಿ ನೆಲ ಸಗಣಿ ಸಾರಿಸಿದ ಮಣ್ಣಿನದು. ಆಮೇಲೆ ಶಹಾಬಾದ್ ಪರಸಿ ಬಂತು, ಈಗ ಗ್ರಾನೈಟು, ಟೈಲ್ಸು. ನೆಲ ಬದಲಾಯ್ತು, ಬರಿಗಾಲು ಬದಲಾಗಲಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ತಿಳಿದದ್ದು ಮಾನ್ವಿಯ ನಮ್ಮಕ್ಕನಿಂದ.

ಅಕ್ಕ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು. ರಾಯಚೂರೂ ಸೇರಿ ಈ ಭಾಗದ ಏಳು ಜಿಲ್ಲೆಗಳಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಲೇ ಸೇರಿದವಳು. ಅದಕ್ಕೂ ಮುಂಚೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನಾಟಿ ಹಚ್ಚೋಕೆ ಹೋಗ್ತಿದ್ದಳು. ಮುಂಜಾನೆಯಿಂದ ಮಧ್ಯಾಹ್ನ ಮೂರರವರೆಗೆ ಬಂಡೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅನ್ನ, ಸಾರು. ಒಂದು ದಿನ ಫೋನ್ ಮಾಡಿದಳು: "ತಮ್ಮಾ, ಎರಡು ತೊಲಿ ಬಂಗಾರ ಅಡವು ಇಡಾಕ ಹೊಂಟೀನಿ. ಹಿಂಬಡದಾಗ ಎಲುಬು ಬೆಳದದಂತ. ಕೊಯ್ದು ತೆಗಿಬೇಕಂತ ಹೇಳ್ಯಾರ." ಎಷ್ಟು ದಿನದಿಂದ ನೋವು ಅಂತ ಕೇಳಿದೆ. ಐದು ತಿಂಗಳು ಅಂದಳು. ವ್ಯಾಯಾಮ ಏನಾದರೂ ಹೇಳಿದರಾ? ಇಲ್ಲ. ಚಪ್ಪಲಿ? ಇಲ್ಲ. ಎಕ್ಸರೇ, ಗುಳಿಗೆ, ಒಂದು ಸೂಜಿ, ಆಮೇಲೆ ಆಪರೇಷನ್. ಯಾವ ದವಾಖಾನೆ ಅನ್ನೋದು ಇಲ್ಲಿ ಬೇಡ. ಆಪರೇಷನ್ ಮಾಡಿಸಿಕೊಂಡರೆ ಎಷ್ಟು ದಿನ ಕೆಲಸಕ್ಕೆ ಹೋಗೋ ಹಾಗಿಲ್ಲ, ಆ ಜಾಗದಲ್ಲಿ ಬೇರೆಯವರು ಬಂದು ನಿಂತರೆ ಮುಂದೇನು, ಈ ಚಿಂತೆ ಅವಳಿಗೆ ನೋವಿಗಿಂತ ದೊಡ್ಡದಾಗಿತ್ತು.

ಮರುದಿನವೇ ಮಾನ್ವಿ ಬಸ್ ಹತ್ತಿದೆ. ಅಡವಿನ ಅಂಗಡಿಗೆ ಹೋಗೋ ಬದಲು ಅವಳನ್ನು ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಹೇಳಿಕೊಟ್ಟಿದ್ದು, ನಾನು ಓದಿ ಮಾಡಿದ್ದು ಬಹುಪಾಲು ಒಂದೇ. ಅದನ್ನೇ ಇಲ್ಲಿ ಬರೀತೇನೆ.

ಮೊದಲನೆಯದು, ಹಾಸಿಗೆಯಿಂದ ಇಳಿಯೋ ಮೊದಲು. ನೋವಿರುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಜಗ್ಗಬೇಕು. ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿಯಾಗಿದ್ದು ಇನ್ನೊಂದು ಕೈಗೆ ಸಿಗ್ತದೆ. ಹತ್ತು ಎಣಿಸೋವರೆಗೆ ಹಿಡಿದು ಬಿಡೋದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಸರ್ತಿ. ಬಹಳ ಹೊತ್ತು ಕೂತು ಏಳೋ ಮೊದಲೂ ಮಾಡಬೇಕು. ಅಮೆರಿಕದ ಡಿಜಿಯೊವಾನಿ ಮತ್ತು ಸಂಗಡಿಗರು 2003ರಲ್ಲಿ ದೀರ್ಘಕಾಲದ ನೋವಿದ್ದವರ ಮೇಲೆ ಇದನ್ನು ಎಂಟು ವಾರ ಪರೀಕ್ಷಿಸಿ, ಬರೀ ಮೀನಖಂಡ ಜಗ್ಗುವುದಕ್ಕಿಂತ ಇದು ಹೆಚ್ಚು ಉಪಯೋಗ ಅಂತ ತೋರಿಸಿದರು. ಹಾಗಂತ ಮೀನಖಂಡ ಬಿಡಬಾರದು. ಗೋಡೆಗೆ ಕೈ ಊರಿ, ನೋವಿರುವ ಕಾಲು ಹಿಂದಿಟ್ಟು, ಹಿಂಬಡ ಎತ್ತದೆ ಮುಂದಕ್ಕೆ ಬಾಗೋದು. ಮೀನಖಂಡ ಬಿಗಿ ಇದ್ದಷ್ಟೂ ಅಂಗಾಲಿನ ಮೇಲೆ ಹೊರೆ ಜಾಸ್ತಿ.

ಎರಡನೆಯದು, ಪಟ್ಟಿಗೆ ಬಲ ತುಂಬೋದು. 2014ರಲ್ಲಿ ಡೆನ್ಮಾರ್ಕಿನ ರಾತ್ಲೆಫ್ ತಂಡ ಪ್ರಕಟಿಸಿದ ವಿಧಾನ ಇದು. ಮೆಟ್ಟಿಲಿನ ಅಂಚಿನಲ್ಲಿ, ಬೆರಳುಗಳ ಅಡಿಯಲ್ಲಿ ಟವೆಲ್ ಸುರುಳಿ ಇಟ್ಟು ನಿಲ್ಲಬೇಕು. ಮೂರು ಎಣಿಸುತ್ತ ಹಿಂಬಡ ಎತ್ತಬೇಕು, ಎರಡು ಎಣಿಸುತ್ತ ತಡೆದು, ಮೂರು ಎಣಿಸುತ್ತ ಇಳಿಸಬೇಕು. ದಿನ ಬಿಟ್ಟು ದಿನ. ಆಗದವರು ಎರಡೂ ಕಾಲಿನಿಂದ ಶುರು ಮಾಡಬಹುದು, ಗೋಡೆ ಹಿಡಿದುಕೊಳ್ಳಬಹುದು. ಅವರ ಅಧ್ಯಯನದಲ್ಲಿ ಮೂರು ತಿಂಗಳಿಗೆ ಇದನ್ನು ಮಾಡಿದವರು ಬರೀ ಜಗ್ಗುವ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಅಂದರೆ ದಾರಿ ಎರಡು, ಒಂದು ಸ್ವಲ್ಪ ಹತ್ತಿರದ್ದು, ಅಷ್ಟೆ.

ಮೂರನೆಯದು, ಹೊರೆ ಕಡಿಮೆ ಮಾಡೋದು. ಮೈತೂಕ ಹೆಚ್ಚಿದ್ದರೆ ಇಳಿಸೋದು, ಒಂದೇ ಸಮನೆ ನಿಲ್ಲೋದನ್ನು ಮುರಿದು ನಡುನಡುವೆ ಕೂಡೋದು. ಸವೆದು ಹಾಳೆಯಂತಾದ ಹವಾಯಿ ಚಪ್ಪಲಿ ಬಿಟ್ಟು, ಹಿಂಬಡದ ಕಡೆ ಸ್ವಲ್ಪ ಎತ್ತರವಾದ, ದಪ್ಪ ಮೆತ್ತನೆ ಅಟ್ಟೆಯ, ಕಮಾನಿಗೆ ಆಸರೆ ಕೊಡುವ ಚಪ್ಪಲಿ ಹಾಕೋದು. ಅದು ಬಿರುಸು ನೆಲದ ಮನೆ ಒಳಗೂ ಬೇಕು.

ಸೂಜಿಯ ಬಗ್ಗೆ ಎರಡು ಮಾತು. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸ್ತದೆ, ಆ ಗುಣ ಬಹಳ ದಿನ ನಿಲ್ಲೋದಿಲ್ಲ. ಪದೇ ಪದೇ ಹಾಕಿಸಿಕೊಂಡರೆ ಪಟ್ಟಿ ಹರಿಯುವ, ಹಿಂಬಡದ ಮೆತ್ತೆಯಂಥ ಕೊಬ್ಬು ಕರಗುವ ಅಪಾಯ ಇದೆ. ಶಸ್ತ್ರಚಿಕಿತ್ಸೆ ಪೂರ್ತಿ ಸುಳ್ಳು ಅಂತ ನಾನು ಹೇಳೋದಿಲ್ಲ. ತಿಂಗಳುಗಟ್ಟಲೆ ಇದೆಲ್ಲವನ್ನೂ ನಿಷ್ಠೆಯಿಂದ ಮಾಡಿಯೂ ಇಳಿಯದ ಕೆಲವೇ ಜನರಿಗೆ ಅದು ಕೊನೆಯ ಬಾಗಿಲು. ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಆ ಬಾಗಿಲು ತಟ್ಟೋ ಕೆಲಸವೇ ಬರೋದಿಲ್ಲ, ಸುಮಾರು ಒಂದು ವರ್ಷದೊಳಗೆ ಹಾದಿಗೆ ಬರ್ತಾರೆ. ಆದರೆ ರಾತ್ರಿ ಮಲಗಿದಾಗಲೂ ನೋವು, ಜೋಮು ಅಥವಾ ಉರಿ, ಜ್ವರ, ಬಾವು, ಬಿದ್ದು ಪೆಟ್ಟಾದ ಮೇಲೆ ಕಾಲು ಊರಲಾಗದಿರೋದು, ಹರೆಯದವರಲ್ಲಿ ಎರಡೂ ಹಿಂಬಡದ ನೋವಿನ ಜೊತೆ ಮುಂಜಾನೆ ಸೊಂಟ ಬಿಗಿಯೋದು, ಇಂಥವಿದ್ದರೆ ಕಾರಣ ಬೇರೆ ಇರಬಹುದು. ಆಗ ನನ್ನ ಲೇಖನ ಮಡಿಚಿಟ್ಟು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ಏನೇ ಮಾಡೋ ಮೊದಲು ಪಾದ ತೋರಿಸಿಕೊಳ್ಳಿ.

ಅಕ್ಕ ವ್ಯಾಯಾಮಕ್ಕೆ ತಕರಾರು ಮಾಡಲಿಲ್ಲ. ಚಪ್ಪಲಿಗೆ ಮಾಡಿದಳು. "ಅನ್ನದ ಮುಂದ ಚಪ್ಪಲಿ ಹಾಕ್ಕೊಂಡು ನಿಂದರಬೇಕಾ? ಹುಡುಗರು ಉಣ್ಣೋ ಅನ್ನ ಅದು. ನನ್ನ ಕೈಲಿ ಆಗೋದಿಲ್ಲ ತಮ್ಮಾ." ವಾರಗಟ್ಟಲೆ ಹೇಳಿದೆ, ಕೇಳಲಿಲ್ಲ. ನನಗೆ ಸಿಟ್ಟೂ ಬಂತು. ಆಮೇಲೆ ವಿಚಾರ ಮಾಡಿದರೆ ಅವಳ ಮಾತಿನಲ್ಲಿ ತಪ್ಪೇನಿತ್ತು? ಇಪ್ಪತ್ತು ವರ್ಷ ಆ ಅನ್ನಕ್ಕೆ ಅವಳು ಕೊಟ್ಟ ಮರ್ಯಾದೆ ಅದು. ನಾನು ಎಕ್ಸರೇ ಮುಳ್ಳು ನಂಬಿದ್ದೂ ಹುಟ್ಟಿದ ನೆಲದ ತರ್ಕದಿಂದಲೇ ಅಲ್ಲವಾ?

ದಾರಿ ತೋರಿಸಿದ್ದು ಅವ್ವ. ಎಂಬತ್ತು ದಾಟಿದವಳು, ದೇವದುರ್ಗದಿಂದ ಅಕ್ಕನನ್ನು ನೋಡೋಕೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡು ಅಂದಳು: "ಹೊಸಾದು ತಂದು, ತೊಳದು, ಅಡಗಿ ಮನ್ಯಾಗ ಇಡು. ಹೊರಗ ಮಣ್ಣಿಗೆ ಹಾಕಬ್ಯಾಡ. ಓಣಿ ತುಳೀಲಾರದ್ದು ಚಪ್ಪಲಿ ಹ್ಯಾಂಗಾದೀತು? ಮಣಿ ಇದ್ದಂಗ ಅದು." ಮಣಿ ಅಂದರೆ ಕೂಡುವ ಮಣೆ. ಅಕ್ಕ ಮುಖ ನೋಡಿದಳು, ನಕ್ಕಳು. ಮರುದಿನ ನಾವು ಬಜಾರಿಗೆ ಹೋಗಿ ದಪ್ಪ ಅಟ್ಟೆಯ ಒಂದು ಜೋಡಿ ತಂದೆವು. ಹೆಡ್ ಮಾಸ್ತರರಿಗೆ ಹೇಳಿದಾಗ ಅವರು, "ಇಷ್ಟು ದಿನ ಯಾಕ ಹೇಳಲಿಲ್ಲಮ್ಮಾ" ಅಂದರಂತೆ. ತರಕಾರಿ ಹೆಚ್ಚೋವಾಗ ಕೂಡೋಕೆ ಒಂದು ಸ್ಟೂಲೂ ಕೊಡಿಸಿದರು.

ಅವಳಿಗೆ ಕಡಿಮೆಯಾಗೋಕೆ ಏಳು ತಿಂಗಳು ಹಿಡೀತು. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ, "ಇದೆಲ್ಲಾ ಸುಳ್ಳು" ಅಂತ ಎರಡು ಸಲ ಬಿಟ್ಟಿದ್ದಳು. ಮೂರನೇ ತಿಂಗಳಿಗೆ ನಸುಕಿನ ಚುಳುಕು ಹತ್ತು ಹೆಜ್ಜೆಯಿಂದ ಮೂರು ಹೆಜ್ಜೆಗೆ ಇಳೀತು. ಈಗ ಜಾತ್ರೆಯಲ್ಲಿ ತಿರುಗಾಡಿ ಬಂದ ಮರುದಿನ ಮಾತ್ರ ನೆನಪು ಮಾಡ್ತದಂತೆ. ನನಗೂ ಅಷ್ಟೆ, ಪರೀಕ್ಷಾ ಮೇಲ್ವಿಚಾರಣೆಗೆ ಮೂರು ತಾಸು ನಿಂತ ಮರುದಿನ. ಮುಳ್ಳು ನನ್ನ ಎಲುಬಿನಲ್ಲಿ ಇನ್ನೂ ಹಾಗೇ ಇದೆ, ಅಕ್ಕನದರಲ್ಲೂ ಇರಬೇಕು. ಎರಡು ತೊಲಿ ಬಂಗಾರ ಅಕ್ಕನ ಟ್ರಂಕಿನಲ್ಲಿ ಇದೆ. ಹೋದ ಸಲ ಹೋದಾಗ ಬಿಸಿಯೂಟದ ಕೋಣೆಯ ಬಾಗಿಲ ಒಳಗಡೆ ನಾಲ್ಕು ಜೋಡಿ ಚಪ್ಪಲಿ ಸಾಲಾಗಿ ಇದ್ದವು. ಯಾರವು ಅಂತ ಕೇಳಿದೆ.

"ಎಲ್ಲಾರವೂ," ಅಂದಳು ಅಕ್ಕ, "ಅವರ ಹಿಂಬಡಾನೂ ನೋಯ್ತಿದ್ದವಂತ. ಯಾರೂ ಬಾಯಿ ಬಿಟ್ಟಿರಲಿಲ್ಲ ನೋಡು."